ಬಾಗಿಲು ತಟ್ಟಿದ ಡಾಕ್ಟರ ಬಗ್ಗೆ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ ಸಿಕ್ಕಿತು. ನಾನೀಗ ಕುಮಟೆಯ ಮನೆಯಲ್ಲಿದ್ದೇನೆ. ನನ್ನ ಆಯಿಗೆ ಹುಷಾರಿಲ್ಲ ಅಂತ ಬಂದು ಹತ್ತು ದಿನ ಆಯ್ತು. ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಹೊರಗೆ ಮಳೆ ಬಿಡುತ್ತಲೇ ಇಲ್ಲ. ನೀನು ಶಿರಸಿಯಿಂದ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿ ಮೂರು ವಾರ, ಅಷ್ಟರಲ್ಲೇ ಎಂಥಾ ಒಳ್ಳೆ ಪ್ರಶ್ನೆ ಕೇಳಿದ್ದೀಯ! ಒಬ್ಬ ಡಾಕ್ಟರಮ್ಮ ಬಾಗಿಲು ತಟ್ಟಿ, ತಾನು ರಾಜ್ಯದ ಶಾಸನಸಭೆಗೆ ನಿಂತಿದ್ದೇನೆ, ಚಿಕಿತ್ಸೆಯ ವ್ಯವಸ್ಥೆ ಬದಲಾಗಬೇಕು ಅಂದರಂತೆ. ಒಳ್ಳೆ ಪ್ರಾಕ್ಟೀಸ್ ಬಿಟ್ಟು ಅವರಿಗೆ ಇದೆಲ್ಲ ಯಾಕೆ, ಅಮೆರಿಕದಲ್ಲಿ ಆಸ್ಪತ್ರೆ ಅಂದರೆ ನಿಜಕ್ಕೂ ಅಷ್ಟು ಹೆದರಬೇಕಾ, ಶಿರಸಿಯಲ್ಲಿರುವ ನಿನ್ನ ಆಯಿಯನ್ನು ಕರೆಸಿಕೊಳ್ಳಬಹುದಾ ಅಂತ ಕೇಳಿದ್ದೀಯ.

ಮೊದಲು ಒಂದು ಅವಸರದ ಮಾತು. ಕೆಲಸಕ್ಕೆ ಸೇರಿದ ಮೇಲೆ ಇನ್ಶೂರೆನ್ಸ್ ಆರಿಸಿಕೊಳ್ಳಲು ಸಾಮಾನ್ಯವಾಗಿ 30 ದಿನ ಕೊಡುತ್ತಾರೆ. ಅದು ತಪ್ಪಿದರೆ ಮತ್ತೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವವರೆಗೆ ಕಾಯಬೇಕಾಗಬಹುದು. ನೀನು ಇನ್ನೂ ಫಾರ್ಮ್ ತುಂಬಿಲ್ಲ ಅಂತ ಬರೆದದ್ದು ಓದಿ ನನಗೆ ಗಾಬರಿಯಾಯಿತು. ನಾಳೆಯೇ ಎಚ್‌ಆರ್ ಹತ್ತಿರ ಮಾತಾಡು. ತಿಂಗಳಿಗೆ ಎಷ್ಟು ಕಡಿತ ಅಂತ ಮಾತ್ರ ನೋಡಬೇಡ. ಡಿಡಕ್ಟಿಬಲ್ ಎಷ್ಟು ಅಂತ ನೋಡು. ಅಷ್ಟು ದುಡ್ಡು ನಿನ್ನ ಕೈಯಿಂದ ಹೋದ ಮೇಲೆಯೇ ಕಂಪನಿ ಹೆಚ್ಚಿನ ಖರ್ಚು ಕೊಡಲು ಶುರು ಮಾಡುವುದು. ವರ್ಷಕ್ಕೆ ನಿನ್ನ ಕೈಯಿಂದ ಹೋಗುವ ಗರಿಷ್ಠ ಮೊತ್ತ ಎಷ್ಟು ಅಂತಲೂ ನೋಡು.

ಹೆದರಬೇಕಾದದ್ದು ಚಿಕಿತ್ಸೆಗಲ್ಲ, ಬಿಲ್ಲಿಗೆ. ದುಡ್ಡಿಲ್ಲ ಅಂತ ಎಮರ್ಜೆನ್ಸಿಯಿಂದ ಯಾರನ್ನೂ ವಾಪಸು ಕಳಿಸುವ ಹಾಗಿಲ್ಲ, 1986ರಿಂದ ಕಾನೂನೇ ಇದೆ. ಮೊದಲು ನೋಡಬೇಕು, ಜೀವಾಪಾಯ ತಪ್ಪಿಸಬೇಕು. ಬಿಲ್ಲು ಆಮೇಲೆ ಬರುತ್ತದೆ. 2009ರಲ್ಲಿ ನನ್ನ ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಆಯ್ತು. ಆಸ್ಪತ್ರೆ ನಮ್ಮ ಇನ್ಶೂರೆನ್ಸಿನ ನೆಟ್‌ವರ್ಕಿನಲ್ಲೇ, ಅಂದರೆ ಕಂಪನಿ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲೇ ಇತ್ತು. ಆದರೆ ಆ ರಾತ್ರಿ ಅನಸ್ತೇಶಿಯಾ ಕೊಟ್ಟ ಡಾಕ್ಟರು ನೆಟ್‌ವರ್ಕಿನಲ್ಲಿ ಇರಲಿಲ್ಲವಂತೆ. ಎರಡು ತಿಂಗಳ ಮೇಲೆ 1,800 ಡಾಲರಿನ ಬೇರೆ ಬಿಲ್ಲು ಬಂತು. ಮಗು ನೋವಿನಲ್ಲಿ ಅಳುತ್ತಿರುವಾಗ ಯಾವ ತಾಯಿ ಡಾಕ್ಟರ ಹತ್ತಿರ ನೆಟ್‌ವರ್ಕ್ ಕೇಳುತ್ತಾಳೆ? ಈಗ 2022ರ ಜನವರಿಯಿಂದ ಜಾರಿಗೆ ಬಂದ ಕಾನೂನು ಇಂಥ ಹೆಚ್ಚಿನ ಬಿಲ್ಲುಗಳನ್ನು ತಡೆದಿದೆ. ರಸ್ತೆಯ ಆಂಬುಲೆನ್ಸ್ ಮಾತ್ರ ಅದರೊಳಗೆ ಬರಲಿಲ್ಲ.

ಇನ್ನು ನಿನ್ನ ಡಾಕ್ಟರಮ್ಮ. ಅವರು ಪೋರ್ಟ್‌ಲ್ಯಾಂಡಿನ ನಮ್ಮ ಮನೆ ಬಾಗಿಲಿಗೂ ಬಂದಿದ್ದರು, ಏಪ್ರಿಲಿನಲ್ಲಿ. ಅವರ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ಅಸ್ತಮಾ ಇರುವ ಹುಡುಗನಿಗೆ ಒಂದು ಇನ್‌ಹೇಲರ್ ಬರೆದುಕೊಟ್ಟರೆ, ಅದಕ್ಕೆ ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಬರಲು ಒಂಬತ್ತು ದಿನ ಬೇಕಾಯಿತಂತೆ. ಅಷ್ಟರಲ್ಲಿ ಹುಡುಗ ಎಮರ್ಜೆನ್ಸಿ ಸೇರಿದ್ದ. ಆ ಒಪ್ಪಿಗೆಯ ನಿಯಮವನ್ನು ಕ್ಲಿನಿಕ್ಕಿನಲ್ಲಿ ಕೂತು ಬದಲಾಯಿಸಲು ಆಗುವುದಿಲ್ಲ, ಸೇಲಂಗೆ ಹೋಗಬೇಕು ಅಂದರು. ಸೇಲಂ ಅಂದರೆ ಪೋರ್ಟ್‌ಲ್ಯಾಂಡ್ ಇರುವ ಒರೆಗಾನ್ ರಾಜ್ಯದ ರಾಜಧಾನಿ.

ಪ್ರಾಕ್ಟೀಸ್ ಪೂರ್ತಿ ಬಿಡಬೇಕಾಗಿಲ್ಲ. ಒರೆಗಾನ್ ಶಾಸನಸಭೆ ವರ್ಷವಿಡೀ ಕೂರುವುದಿಲ್ಲ. ಬೆಸ ವರ್ಷದಲ್ಲಿ 160 ದಿನ, ಸಮ ವರ್ಷದಲ್ಲಿ 35 ದಿನ. ಕೆಳಮನೆಯಲ್ಲಿ 60 ಜನ, ಎರಡೆರಡು ವರ್ಷದ ಅವಧಿ. ಡಾಕ್ಟರು ಅಲ್ಲಿಗೆ ಹೋಗುವುದು ಹೊಸದೂ ಅಲ್ಲ. ರೋಸ್‌ಬರ್ಗಿನಲ್ಲಿ ಎಮರ್ಜೆನ್ಸಿ ಡಾಕ್ಟರಾಗಿದ್ದ ಜಾನ್ ಕಿಟ್ಸ್‌ಹಾಬರ್ 1978ರಲ್ಲಿ ಕೆಳಮನೆಗೆ ಗೆದ್ದರು, ಮುಂದೆ ಗವರ್ನರ್ ಕೂಡ ಆದರು. ಬಡವರಿಗೆ ಇರುವ ಒರೆಗಾನ್ ಹೆಲ್ತ್ ಪ್ಲಾನ್ ಅವರು ಕಟ್ಟಿದ್ದು. 2020ರಲ್ಲಿ ಶ್ವಾಸಕೋಶದ ಡಾಕ್ಟರು ಮ್ಯಾಕ್ಸಿನ್ ಡೆಕ್ಸ್‌ಟರ್, ಮಕ್ಕಳ ಡಾಕ್ಟರು ಲಿಸಾ ರೆನಾಲ್ಡ್ಸ್ ಇಬ್ಬರೂ ಕೆಳಮನೆಗೆ ಬಂದರು. ನಮ್ಮಲ್ಲೂ 1994ರಲ್ಲಿ ಭಟ್ಕಳದಿಂದ ಗೆದ್ದಿದ್ದ ಚಿತ್ತರಂಜನ್ ಅವರು ಡಾಕ್ಟರೇ ಅಲ್ವಾ.

ರಾಜ್ಯದ ಕೈಯಲ್ಲಿ ಎಷ್ಟಿದೆ ಅಂತ ನನಗೆ ಅರ್ಥವಾದದ್ದು 2008ರಲ್ಲಿ. ಒರೆಗಾನ್ ಹೆಲ್ತ್ ಪ್ಲಾನಿಗೆ ಇನ್ನು ಸುಮಾರು 10,000 ಜನರನ್ನು ಸೇರಿಸಿಕೊಳ್ಳುವಷ್ಟು ಮಾತ್ರ ದುಡ್ಡಿತ್ತು. ಹೆಸರು ಕೊಟ್ಟವರು ಸುಮಾರು 90,000. ಕೊನೆಗೆ ಚೀಟಿ ಎತ್ತಿದರು ತಂಗಿ, ಲಾಟರಿಯ ಹಾಗೆ. ಆಮೇಲೆ ಸಂಶೋಧಕರು ಹೆಸರು ಬಂದವರನ್ನೂ ಬಾರದವರನ್ನೂ ಹೋಲಿಸಿ ನೋಡಿದರು. ಹೆಸರು ಬಂದವರಲ್ಲಿ ಖಿನ್ನತೆ ಕಡಿಮೆ, ಆಸ್ಪತ್ರೆ ಸಾಲ ಕಡಿಮೆ. ಬಿಪಿಯಲ್ಲಿ ಮಾತ್ರ ಎರಡು ವರ್ಷದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳ ಅಕ್ಕ ಆ ಚೀಟಿಗೆ ಕಾದು ಕೂತಿದ್ದಳು. ಹೆಸರು ಬರಲಿಲ್ಲ. ಮನುಷ್ಯರ ಔಷಧಿಯನ್ನು ಚೀಟಿ ಎತ್ತಿ ಕೊಡುವ ಸ್ಥಿತಿ ಯಾವ ರಾಜ್ಯಕ್ಕೂ ಬರಬಾರದು ಅಂತ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. 2014ರಲ್ಲಿ ಮೆಡಿಕೇಡ್, ಅಂದರೆ ಬಡವರಿಗೆ ಇರುವ ಸರ್ಕಾರಿ ಇನ್ಶೂರೆನ್ಸ್, ವಿಸ್ತರಿಸಿದ ಮೇಲೆ ಆ ಸರದಿ ಕರಗಿತು. ಹಾಗೆ ವಿಸ್ತರಿಸುವುದೂ ಬಿಡುವುದೂ ರಾಜ್ಯಗಳಿಗೇ ಬಿಟ್ಟದ್ದು. ಟೆಕ್ಸಾಸ್, ಫ್ಲೋರಿಡಾ ಇವತ್ತಿಗೂ ಮಾಡಿಲ್ಲ.

ನಮ್ಮೂರು ಇದಕ್ಕಿಂತ ವಾಸಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. 2011ರ ಜುಲೈ, ರಾತ್ರಿ ಹನ್ನೊಂದಕ್ಕೆ ಅಪ್ಪಯ್ಯನಿಗೆ ಎದೆನೋವು ಬಂತು. ಇಲ್ಲಿ ಇಸಿಜಿ ಮಾಡಿ, ಬೇಗ ಮಣಿಪಾಲಕ್ಕೆ ಒಯ್ಯಿರಿ ಅಂದರು. ಅವರ ಹತ್ತಿರ ಇದ್ದದ್ದು ಅಷ್ಟೇ. ಅದೇ ಮಳೆ, ಹೆದ್ದಾರಿ ತುಂಬ ಹೊಂಡ. ಹೊನ್ನಾವರ ದಾಟಿತು, ಭಟ್ಕಳ ದಾಟಿತು. ಬೈಂದೂರು ಬರುವ ಮೊದಲೇ ಅಪ್ಪಯ್ಯ ಹೋದರು. ನಾನು ಫೋನಿನ ಆ ಕಡೆ ಇದ್ದೆ. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ, ನಿಜ. ಆದರೂ ದೊಡ್ಡ ಕಾಯಿಲೆ ಅಂದರೆ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುವುದು ನಿಂತಿಲ್ಲ. 2019ರಲ್ಲಿ ಜಿಲ್ಲೆಯ ಹುಡುಗರು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಅಭಿಯಾನ ಮಾಡಿದ್ದು ನಿನಗೂ ನೆನಪಿರಬೇಕು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ಹೋದರು. ಆಗ ಅದೇ ಕೂಗು ಮತ್ತೆ ಎದ್ದಿತು.

ಏಪ್ರಿಲಿನಲ್ಲಿ ಆ ಡಾಕ್ಟರಮ್ಮನಿಗೆ ಅಪ್ಪಯ್ಯನ ವಿಷಯ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. ಒರೆಗಾನಿನ ಪೂರ್ವ ಭಾಗದಲ್ಲೂ ಹೆರಿಗೆಗೆ ತಾಸುಗಟ್ಟಲೆ ಗಾಡಿ ಓಡಿಸುವ ಊರುಗಳಿವೆ ಅಂದರು. ಅವತ್ತೇ ನನ್ನ ಓಟು ಯಾರಿಗೆ ಅಂತ ತೀರ್ಮಾನ ಮಾಡಿದೆ.

ನಿನಗೆ ಓಟಿಲ್ಲ. ಇದನ್ನು ಸರಿಯಾಗಿ ತಿಳಿದುಕೋ. ನಿನ್ನ ಹಾಗೆ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಯಾವ ಅಭ್ಯರ್ಥಿಗೂ ಒಂದು ಡಾಲರೂ ಕೊಡುವ ಹಾಗಿಲ್ಲ, ರಾಜ್ಯದ ಚುನಾವಣೆಗೂ ಇಲ್ಲ. ಮತದಾರರ ಪಟ್ಟಿಗೆ ಸಹಿ ಹಾಕು ಅಂತ ಯಾರಾದರೂ ಕಾಗದ ಹಿಡಿದರೆ ನಾನು ಸಿಟಿಜನ್ ಅಲ್ಲ ಅಂತ ಹೇಳಿಬಿಡು. ತಪ್ಪಿ ಮತಪತ್ರ ಮನೆಗೆ ಬಂದರೂ ಮುಟ್ಟಬೇಡ, ಮುಂದೆ ಗ್ರೀನ್ ಕಾರ್ಡಿಗೆ ಕುತ್ತು. ಆದರೆ ಸಂಬಳ ತೆಗೆದುಕೊಳ್ಳದೆ ಅವರ ಜೊತೆ ನಾಲ್ಕು ಮನೆ ತಿರುಗಬಹುದು, ಸಭೆಗೆ ಹೋಗಿ ಕೂರಬಹುದು, ಪ್ರಶ್ನೆ ಕೇಳಬಹುದು. ಹೋಗು. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ನಿನ್ನಂಥವರಿಗೆ ಇರುವುದು ಹೆಚ್ಚೆಂದರೆ 60 ದಿನ. ಇನ್ಶೂರೆನ್ಸೂ ಕೆಲಸದ ಜೊತೆಗೇ ಕಟ್ಟಿಕೊಂಡಿದೆ. ಅದನ್ನು ಅವರಿಗೆ ಹೇಳು, ಓಟಿರುವವರು ಎಷ್ಟೋ ಜನ ಅದನ್ನು ಯೋಚಿಸಿಯೇ ಇರುವುದಿಲ್ಲ.

ನಿನ್ನ ಆಯಿಯನ್ನು ಖಂಡಿತ ಕರೆಸಿಕೋ. ಆದರೆ ವಿಸಿಟರ್ ಇನ್ಶೂರೆನ್ಸ್ ಮಾಡಿಸದೆ ವಿಮಾನ ಹತ್ತಿಸಬೇಡ. ಮೊದಲೇ ಇರುವ ಕಾಯಿಲೆಗೆ ಅದರಲ್ಲಿ ಸಾಮಾನ್ಯವಾಗಿ ಪೂರ್ತಿ ರಕ್ಷಣೆ ಇರುವುದಿಲ್ಲ, ಆ ಸಾಲುಗಳನ್ನು ಎರಡು ಸಲ ಓದು. ನಿನ್ನ ಆಯಿಗೆ ಬಿಪಿ, ಸಕ್ಕರೆ ಎರಡೂ ಇದೆ ಅಂದೆ ಅಲ್ವಾ. ಮಾತ್ರೆ ಚೀಟಿಯ ಫೋಟೋ ಕಳಿಸು. ಮುಂದಿನ ವಾರ ಶಿರಸಿಗೆ ಹೋಗುತ್ತೇನೆ, ಅವರನ್ನು ನೋಡಿಕೊಂಡೇ ಬರುತ್ತೇನೆ.

ನಿನ್ನ ಅಕ್ಕ