ನರದ ತುದಿಯ ಪುಟ್ಟ ಚೀಲಗಳನ್ನು ಕಂಡವರು ಯಾರು?

ಪ್ರಶ್ನೆ: ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ, ಅವು ಒಡೆದು ಸಂದೇಶ ದಾಟಿಸುತ್ತವೆ, ಆಮೇಲೆ ಮರುಬಳಕೆಯಾಗುತ್ತವೆ ಅಂತ ಮಗಳ ಪುಸ್ತಕದಲ್ಲಿದೆ. ಇದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರಾ, ಇಲ್ಲ ಬರೀ ಊಹೆಯಾ?

ಉತ್ತರ: ಶುರುವಾಗಿದ್ದು ಊಹೆಯಿಂದಲೇ, ಆದರೆ ಅದಕ್ಕೆ ಗಟ್ಟಿ ಆಧಾರವಿತ್ತು. 1950ರ ದಶಕದ ಆರಂಭದಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಜೊತೆಗಾರರು ಕಪ್ಪೆಯ ನರ ಸ್ನಾಯುವಿಗೆ ಸೇರುವ ಜಾಗದಲ್ಲಿ ವಿದ್ಯುತ್ ಅಳೆಯುತ್ತಿದ್ದರು. ನರವನ್ನು ಸುಮ್ನೆ ಬಿಟ್ಟರೂ ಅರ್ಧ ಮಿಲಿವೋಲ್ಟ್‌ನಷ್ಟು ಪುಟ್ಟ ಮಿಡಿತಗಳು ಆಗಾಗ ಕಾಣುತ್ತಿದ್ದವು. ಕ್ಯಾಲ್ಸಿಯಂ ಕಡಿಮೆ ಮಾಡಿ ನರವನ್ನು ಕೆಣಕಿದರೆ ಬರುವ ಉತ್ತರವೂ ಅದೇ ಅಳತೆಯ ಒಂದು, ಎರಡು, ಮೂರು ಪಟ್ಟು. ಅಂದರೆ ರಾಸಾಯನಿಕ ಧಾರೆಯಾಗಿ ಸುರಿಯುತ್ತಿಲ್ಲ, ಪೊಟ್ಟಣದ ಲೆಕ್ಕದಲ್ಲಿ ಬರುತ್ತಿದೆ. ಅದೇ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನರದ ತುದಿಯ ಚೀಲಗಳೂ ಕಂಡವು. ಅಡ್ಡಳತೆ ಸುಮಾರು 40 ನ್ಯಾನೋಮೀಟರ್.

ಆ ಚೀಲ ತೆರೆಯುವ ಗಳಿಗೆಯನ್ನು ಹಿಡಿದಿದ್ದು 1979ರಲ್ಲಿ, ಜಾನ್ ಹ್ಯೂಸರ್ ಮತ್ತು ಥಾಮಸ್ ರೀಸ್ ತಂಡ. ದ್ರವ ಹೀಲಿಯಂನಿಂದ ಕೊರೆಯುವಷ್ಟು ತಣ್ಣಗಾದ ತಾಮ್ರದ ಗಟ್ಟಿಯ ಮೇಲೆ ಕಪ್ಪೆಯ ಸ್ನಾಯುವನ್ನು ಪಟ್ಟನೆ ಬೀಳಿಸಿದರು. ಬಡಿಯುವ ಕೆಲವೇ ಮಿಲಿಸೆಕೆಂಡ್ ಮೊದಲು ನರಕ್ಕೆ ಕರೆಂಟ್. ಎಲ್ಲವೂ ಇದ್ದಲ್ಲೇ ಹೆಪ್ಪುಗಟ್ಟಿತು. ಪೊರೆಯ ಮೇಲೆ ಕಂಡ ಬಾಯಿಗಳನ್ನು ಎಣಿಸಿದರೆ, ಹೊರಬಿದ್ದ ಪೊಟ್ಟಣಗಳ ಲೆಕ್ಕಕ್ಕೆ ತಾಳೆಯಾಯಿತು! ಬಿಡುಗಡೆ ಜಾಸ್ತಿ ಮಾಡುವ ಔಷಧಿ ಹಾಕಿದ್ದರು ಅನ್ನುವ ಕೊಸರು ಇದೆ, ಇರಲಿ. ಅಂದಹಾಗೆ, ಪುಸ್ತಕದ ‘ಒಡೆದು’ ನನಗೆ ಒಪ್ಪಿಗೆಯಿಲ್ಲ. ಚೀಲ ಒಡೆಯುವುದಿಲ್ಲ, ಅದರ ಪೊರೆ ಕೋಶದ ಪೊರೆಗೆ ಬೆಸೆದುಕೊಂಡು ಬಾಯಿ ತೆರೆಯುತ್ತದೆ. ಒಡೆದಿದ್ದರೆ ಮರುಬಳಕೆ ಎಲ್ಲಿಯದು, ಅಲ್ವಾ?

ಮರುಬಳಕೆಯ ಸಾಕ್ಷಿ 1973ರಲ್ಲೇ ಸಿಕ್ಕಿತ್ತು, ಅದೂ ಇವರಿಬ್ಬರದೇ. ಪೊರೆ ದಾಟಲಾಗದ ಒಂದು ಕಿಣ್ವವನ್ನು ನರದ ಹೊರಗಿನ ದ್ರವದಲ್ಲಿ ಬೆರೆಸಿ ನರವನ್ನು ದುಡಿಸಿದರು. ಆಮೇಲೆ ನೋಡಿದರೆ ಕಿಣ್ವ ಚೀಲಗಳ ಒಳಗೆ! ಮತ್ತೆ ದುಡಿಸಿದಾಗ ಕಿಣ್ವ ತುಂಬಿದ ಚೀಲಗಳು ಕಡಿಮೆಯಾದವು. ಹೊರಗಿನ ಪೊರೆಯೇ ಒಳಕ್ಕೆ ಚಿವುಟಿಕೊಂಡು ಹೊಸ ಚೀಲವಾಗಿತ್ತು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಹಣ್ಣಿನ ನೊಣದ್ದು. ಒಂದು ತಳಿಯ ಹೆಸರು ಶಿಬಿರೆ, ಜಪಾನಿ ಭಾಷೆಯಲ್ಲಿ ಜೋಮು ಅಂತ. ಬಿಸಿ 30 ಡಿಗ್ರಿ ಹತ್ತಿರ ಬಂದರೆ ಈ ನೊಣ ಕೈಕಾಲು ಆಡದೆ ಬಿದ್ದುಬಿಡುತ್ತದೆ. ತಣ್ಣಗಾದರೆ ಕೆಲವೇ ನಿಮಿಷದಲ್ಲಿ ಎದ್ದು ಓಡಾಡುತ್ತದೆ. ಬಿದ್ದ ನೊಣದ ನರ ನೋಡಿದರೆ ಚೀಲಗಳೇ ಇಲ್ಲ. ಪೊರೆಯ ತುಂಬ ಅರ್ಧ ಚಿವುಟಿ ನಿಂತ ಗುಳಿಗಳು. ಚಿವುಟಿ ಬಿಡಿಸುವ ಡೈನಮಿನ್ ಎಂಬ ಪ್ರೋಟೀನು ಬಿಸಿಗೆ ಕೈಕೊಟ್ಟಿರುತ್ತದೆ.

ಇನ್ನೂ ಜಗಳ ಇರುವುದು ವೇಗದ ಬಗ್ಗೆ. ಹಳೆಯ ಲೆಕ್ಕದಲ್ಲಿ ಪೊರೆ ಒಳಬರಲು ಹತ್ತಾರು ಸೆಕೆಂಡ್ ಬೇಕಿತ್ತು. 2013ರಲ್ಲಿ ಶಿಗೆಕಿ ವಟನಾಬೆ ಮತ್ತು ಸಂಗಡಿಗರು ಇಲಿಯ ನರಕೋಶಗಳನ್ನು ಬೆಳಕಿನಿಂದ ಕೆಣಕಿ, ತಕ್ಷಣ ಹೆಪ್ಪುಗಟ್ಟಿಸಿ ನೋಡಿದಾಗ, 100 ಮಿಲಿಸೆಕೆಂಡ್‌ನಲ್ಲೇ ಪೊರೆ ಒಳಕ್ಕೆ ಬಂದಿತ್ತು. ಚೀಲ ಪೂರ್ತಿ ಬೆಸೆಯದೆ, ಬಾಯಿ ತಾಗಿಸಿ ವಾಪಸ್ ಓಡುತ್ತದೆ ಅನ್ನುವ ಪಂಗಡವೂ 1973ರಿಂದ ತನ್ನ ಪಟ್ಟು ಬಿಟ್ಟಿಲ್ಲ.