ಮೂರೂ ಖಾನೆಗೆ 900 ತುಂಬಿದರೆ 1559

ಪ್ರಶ್ನೆ: ಬ್ರಾಕೆಟ್‌ನ ಕೊಕ್ಕೆಯನ್ನು ಒಂದು ಕೇಬಲ್ ಓರೆಯಾಗಿ ಎಳೆಯುತ್ತದೆ, ಎಳೆತ 900 ನ್ಯೂಟನ್. ಕೇಬಲ್‌ನ ಆಚೆ ತುದಿ ಕೊಕ್ಕೆಯಿಂದ ಎಕ್ಸ್ ದಿಕ್ಕಿನಲ್ಲಿ 1200 ಮಿ.ಮೀ., ಝಡ್ ದಿಕ್ಕಿನಲ್ಲಿ 1200 ಮಿ.ಮೀ. ಮುಂದಿದೆ, ಎತ್ತರದಲ್ಲಿ 600 ಮಿ.ಮೀ. ಕೆಳಗಿದೆ. ಬಲದ ಪರಿಣಾಮ ಲೆಕ್ಕಹಾಕುವ ಸಾಫ್ಟ್‌ವೇರ್ ಆನ್ಸಿಸ್ ಮೆಕ್ಯಾನಿಕಲ್‌ನಲ್ಲಿ ಸಾಲ್ವ್ ಮಾಡಿದರೆ ರಿಯಾಕ್ಷನ್ (ಬ್ರಾಕೆಟ್ ಹಿಡಿದಿರುವ ಆಧಾರ ತಿರುಗಿ ಕೊಡುವ ಬಲ) 1559 ನ್ಯೂಟನ್ ಬರುತ್ತಿದೆ. ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ಒಡೆದ ಸಣ್ಣ ತುಂಡುಗಳ ಜಾಲ) ಸಣ್ಣದು ಮಾಡಿದರೂ ಅಷ್ಟೇ. ತಪ್ಪೆಲ್ಲಿ?

ಉತ್ತರ: ಆ 1559ರಲ್ಲೇ ಉತ್ತರವಿದೆ. 900ನ್ನು 3ರ ವರ್ಗಮೂಲದಿಂದ ಗುಣಿಸಿ ನೋಡಿ, ಅದೇ ಸಿಗುತ್ತದೆ. ಅಂದರೆ ಬಲದ ಎಕ್ಸ್, ವೈ, ಝಡ್ ಮೂರೂ ಖಾನೆಗೆ 900 ತುಂಬಿದ್ದೀರಿ. ಪಾಪ, ಮೆಶ್‌ನದೇನೂ ತಪ್ಪಿಲ್ಲ. ಹಾಕಿದ ಬಲವೇ ರಿಯಾಕ್ಷನ್ ಆಗಿ ವಾಪಸ್ ಬಂದಿದೆ.

ಮೊದಲು ಕೇಬಲ್‌ನ ಉದ್ದ ಕಂಡುಹಿಡಿಯಿರಿ: 1200, 600, 1200 ಇವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 1800. ಪ್ರತಿ ಅಳತೆಯನ್ನೂ 1800ರಿಂದ ಭಾಗಿಸಿ 900ರಿಂದ ಗುಣಿಸಿ. ಎಕ್ಸ್ 600, ವೈ -300, ಝಡ್ 600. (ವೈ ಮೇಲ್ಮುಖ ಎಂದಿಟ್ಟುಕೊಂಡಿದ್ದೇನೆ.) ಅಳತೆಯನ್ನು ಯಾವಾಗಲೂ ಕೊಕ್ಕೆಯಿಂದ ಆಚೆ ತುದಿಗೆ ತೆಗೆದುಕೊಳ್ಳಿ. ತಿರುಗಾಮುರುಗಾ ಆದರೆ ಕೇಬಲ್ ಎಳೆಯುವ ಬದಲು ತಳ್ಳುತ್ತದೆ, ಸಾಫ್ಟ್‌ವೇರ್ ಮಾತ್ರ ಚಕಾರ ಎತ್ತುವುದಿಲ್ಲ.

ಈಗ ಫೋರ್ಸ್‌ನ ಡೀಟೇಲ್ಸ್‌ನಲ್ಲಿ 'ಡಿಫೈನ್ ಬೈ' ಎಂಬುದನ್ನು 'ಕಾಂಪೊನೆಂಟ್ಸ್' ಮಾಡಿ ಈ ಮೂರನ್ನು ತುಂಬಿ. ಅಲ್ಲೇ ಇರುವ 'ಕೋಆರ್ಡಿನೇಟ್ ಸಿಸ್ಟಮ್' ಸಾಲನ್ನೂ ನೋಡಿಕೊಳ್ಳಿ. ನೀವು ಅಳತೆ ತೆಗೆದದ್ದು ಗ್ಲೋಬಲ್‌ನಲ್ಲಿ (ಇಡೀ ಮಾದರಿಯ ಮೂಲ ಅಕ್ಷಗಳಲ್ಲಿ), ಆ ಸಾಲಿನಲ್ಲಿ ಇರುವುದು ಬ್ರಾಕೆಟ್ ಜೊತೆ ವಾಲಿಸಿದ ಲೋಕಲ್ ಅಕ್ಷ ಎಂದಾದರೆ ಒಟ್ಟು ಬಲ 900 ಸರಿಯಾಗಿಯೇ ಬರುತ್ತದೆ, ದಿಕ್ಕು ಮಾತ್ರ ಕೆಡುತ್ತದೆ. ಇದು ನಿಮ್ಮ 1559ಕ್ಕಿಂತ ಅಪಾಯದ ತಪ್ಪು, ಏಕೆಂದರೆ ಮೊತ್ತ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಹಾಗಾಗಿ ರಿಯಾಕ್ಷನ್ ತೋರಿಸುವ 'ಫೋರ್ಸ್ ರಿಯಾಕ್ಷನ್' ಪ್ರೋಬ್‌ನಲ್ಲಿ ಮೊತ್ತದ ಜೊತೆ ಮೂರು ಘಟಕಗಳನ್ನೂ ಓದಿ. ಗ್ಲೋಬಲ್‌ನಲ್ಲಿ -600, 300, -600 ಬರಬೇಕು. ಗುರುತ್ವ ಸೇರಿಸಿದ್ದರೆ ಬ್ರಾಕೆಟ್‌ನ ತೂಕವೂ ವೈನಲ್ಲಿ ಕೂಡಿಕೊಂಡಿರುತ್ತದೆ.

ಬಲದ ಖಾನೆಯಲ್ಲಿ 0 ಎಂದರೆ ಆ ದಿಕ್ಕಿನಲ್ಲಿ ಬಲವಿಲ್ಲ ಎಂದಷ್ಟೇ. ಡಿಸ್‌ಪ್ಲೇಸ್‌ಮೆಂಟ್‌ನ (ಎಷ್ಟು ಸರಿಯಬೇಕು ಎಂಬುದರ) ಖಾನೆಯಲ್ಲಿ 0 ಹಾಕಿದರೆ ಆ ದಿಕ್ಕಿನಲ್ಲಿ ಅಲುಗದಂತೆ ಕಟ್ಟಿಹಾಕಿದಂತೆ. ಬಿಡಬೇಕಿದ್ದರೆ 'ಫ್ರೀ' ಇರಲಿ.

ಪ್ರಶ್ನೆ: ಒಂದೇ ಫೋರ್ಸ್‌ಗೆ ಎರಡು ಮುಖ ಆರಿಸಿದರೆ ಬಲ ಇಮ್ಮಡಿಯಾಗುತ್ತದೆಯೆ?

ಉತ್ತರ: ಆನ್ಸಿಸ್‌ನಲ್ಲಿ ಇಲ್ಲ. ಬರೆದದ್ದು ಒಟ್ಟು ಬಲ, ಅದು ಎರಡೂ ಮುಖಗಳಿಗೆ ಹಂಚಿಹೋಗುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಸಿಮ್ಯುಲೇಶನ್‌ನಲ್ಲಿ 'ಪರ್ ಐಟಂ' ಆಯ್ಕೆಯಿದ್ದರೆ ಪ್ರತಿ ಮುಖಕ್ಕೂ 900 ಬಿದ್ದು 1800 ಆಗುತ್ತದೆ. ಅಲ್ಲಿ 'ಟೋಟಲ್' ಆರಿಸಿ.