ಕೆಳಮನೆ ಅಜ್ಜಿಯ ಮುತ್ತಜ್ಜಿ, ನಮ್ಮ ಅಜ್ಜ

ತಮ್ಮಾ, ಬಾಸ್ಟನ್‌ಗೆ ಬಂದು ಒಂದೂವರೆ ತಿಂಗಳಾಯ್ತು ಅಂತ ಬರೆದಿದ್ದೀಯ. ಚಳಿಗೆ ಏನು ತಗೊಳ್ಳಲಿ, ಬಾಡಿಗೆ ಜಾಸ್ತಿ ಆಯ್ತಾ ಅಂತ ಕೇಳಿದ್ದೀಯ. ಆಮೇಲೆ ಆಫೀಸಿನಲ್ಲಿ ಐರಿಷ್ ಮೂಲದವರೊಬ್ಬರು "ನಮ್ಮ ಹಿರಿಯರು ಕಾನೂನು ಪ್ರಕಾರ ಬಂದವರು, ಈಗಿನವರು ಹಾಗಲ್ಲ" ಅಂದರಂತೆ. ಏನು ಉತ್ತರ ಕೊಡಲಿ ಅಂತ ನಿನ್ನ ಪ್ರಶ್ನೆ.

ಬೂಟಿಗೆ ದುಡ್ಡು ಉಳಿಸಲು ಹೋಗಬೇಡ. ಬಾಡಿಗೆ ಇಲ್ಲಿ ಎಲ್ಲರಿಗೂ ಜಾಸ್ತಿಯೇ. ಮೂರನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ನಾನು ಬಂದದ್ದು 1999ರ ಜನವರಿಯಲ್ಲಿ. ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿ ಮೂರಂತಸ್ತಿನ ಮರದ ಮನೆ. ನಾನು ಮೇಲೆ, ಮನೆ ಯಜಮಾನಿ ಅಜ್ಜಿ ಕೆಳಗೆ. ಭಾನುವಾರ ಚಹಾಕ್ಕೆ ಕರೆಯುತ್ತಿದ್ದರು. ಹಾಲು ಹಾಕಿದ ಕಡಕ್ ಚಹಾ, ನಮ್ಮದರ ಹಾಗೇ. ಅವರ ಮುತ್ತಜ್ಜಿ 1847ರಲ್ಲಿ ಐರ್ಲೆಂಡಿನ ಕಾರ್ಕ್ ಕಡೆಯಿಂದ ಬಂದವರು. ಆಲೂಗಡ್ಡೆ ಬೆಳೆ ಕೊಳೆತುಹೋದ ಬರಗಾಲ ಅದು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಸೇರಿ, ಹೆಣದ ಮುಂದೆ ಕೂರುವ ಹಾಗೆ ಬೆಳಗಿನವರೆಗೆ ಕೂರುತ್ತಿದ್ದರಂತೆ. ಮತ್ತೆ ಮುಖ ನೋಡುವುದಿಲ್ಲ ಅಂತ ಗೊತ್ತಿತ್ತಲ್ಲ. ಅದನ್ನು ಹೇಳುವಾಗ ಅಜ್ಜಿಯ ಬೆರಳು ಕಪ್ಪಿನ ಅಂಚನ್ನು ಉಜ್ಜುತ್ತಲೇ ಇರುತ್ತಿತ್ತು. ನನಗೆ ಬೆಂಗಳೂರು ಏರ್‌ಪೋರ್ಟಿನಲ್ಲಿ ಅಮ್ಮ ಸೆರಗು ಹಿಡಿದು ನಿಂತದ್ದು ಕಣ್ಣಿಗೆ ಬರುತ್ತಿತ್ತು.

ಅದೇ ಅಜ್ಜಿ ಮರುಗಳಿಗೆಗೆ "ನಮ್ಮವರು ಸರಿಯಾದ ದಾರಿಯಲ್ಲಿ ಬಂದರು" ಅನ್ನುತ್ತಿದ್ದರು. ಆಗ ವೀಸಾ ಅನ್ನುವುದೇ ಇರಲಿಲ್ಲ ಅಂತ ನಾನು ತಿಳಿದದ್ದು ಆಮೇಲೆ. ಹಡಗಿನ ದುಡ್ಡು ಹೊಂದಿಸಿಕೊಂಡವರು ಹತ್ತಿದರು, ಅಷ್ಟೇ. ಜ್ವರ ಬಂದವರನ್ನು ಇಲ್ಲೇ ಬಂದರಿನ ಡೀರ್ ದ್ವೀಪದಲ್ಲಿ ಇಳಿಸುತ್ತಿದ್ದರು. ತೀರಾ ಬಡವರಾದ ಎಷ್ಟೋ ಜನರನ್ನು ಮ್ಯಾಸಚೂಸೆಟ್ಸ್ ರಾಜ್ಯ ಹಡಗು ಹತ್ತಿಸಿ ವಾಪಸ್ ಕಳಿಸಿತು. 1854ರಲ್ಲಿ ಇವರನ್ನು ಕಂಡರಾಗದ ಪಕ್ಷವೇ ಇಲ್ಲಿ ಗೆದ್ದು ಅಧಿಕಾರಕ್ಕೆ ಬಂತು. ಮನೆಯ ಕತೆಯಲ್ಲಿ ಇದ್ಯಾವುದೂ ಉಳಿದಿರಲಿಲ್ಲ.

ಈಗ ನನ್ನ ವಿಷಯ. ಆ ಫೆಬ್ರವರಿಯಲ್ಲಿ ಗ್ವಾಟೆಮಾಲಾದ ಹುಡುಗನೊಬ್ಬ ನಮ್ಮ ಮೆಟ್ಟಿಲ ಹಿಮ ತೆಗೆಯುತ್ತಿದ್ದ. ಬಾಗಿಲಲ್ಲಿ ಅಜ್ಜಿ ಅದೇ ಮಾತು ತೆಗೆದರು. ನಾನು ಅವರನ್ನು ಮೆಚ್ಚಿಸಲಿಕ್ಕೆ, "ನಾವೂ ಸ್ಟಾಂಪ್ ಹಾಕಿಸಿಕೊಂಡೇ ಬಂದವರು, ಇವರ ಹಾಗಲ್ಲ" ಅಂದುಬಿಟ್ಟೆ. ಹುಡುಗ ತಲೆ ಎತ್ತಲಿಲ್ಲ. ಸಲಿಕೆಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯ್ತು.

ನಮ್ಮ ಅಜ್ಜ 13 ವರ್ಷಕ್ಕೆ ಕುಂದಾಪುರದಿಂದ ಬೊಂಬಾಯಿಗೆ ಓಡಿಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ಮನೆಯಲ್ಲಿ ಯಾವತ್ತೂ ಹೇಳುವುದು "ಅಜ್ಜ ಸ್ವಂತ ಹೋಟೆಲು ಮಾಡಿದರು" ಅಂತ ಮಾತ್ರ. 1966ರ ನಂತರ ಅಲ್ಲಿ ದಕ್ಷಿಣದವರ ವಿರುದ್ಧ ಗಲಾಟೆ ಎದ್ದಾಗ ಆ ಹೋಟೆಲಿನ ಗಾಜಿಗೆ ಕಲ್ಲು ಬಿದ್ದಿತ್ತು. ಇದನ್ನು ದೊಡ್ಡಪ್ಪ ಹೇಳಿದ್ದು ಅಜ್ಜ ತೀರಿಕೊಂಡ ಮೇಲೆ. ನಾನು ಮೆಟ್ಟಿಲ ಮೇಲೆ ಆ ಮಾತಾಡಿದ ದಿನ ಅಜ್ಜ ಇನ್ನೂ ಇದ್ದರು. ಫೋನ್ ಮಾಡಿದಾಗಲೆಲ್ಲ "ಊಟ ಆಯ್ತಾ" ಅಂತ ಮಾತ್ರ ಕೇಳುತ್ತಿದ್ದೆ.

ಆಫೀಸಿನವರ ಹತ್ತಿರ ವಾದಕ್ಕೆ ಹೋಗಬೇಡ. ನಿಮ್ಮ ಮನೆಯಿಂದ ಮೊದಲು ಬಂದವರು ಯಾರು, ಏನು ಕೆಲಸ ಮಾಡಿದರು ಅಂತ ಕೇಳು. ಪ್ರೀತಿಯಿಂದ ಹೇಳುತ್ತಾರೆ, ಕೂತು ಕೇಳು. ಇದನ್ನೂ ಹೇಳು: 1946ರಿಂದ ಅಮೆರಿಕಕ್ಕೆ ಬಂದು ನೆಲೆಸಲು ಇಡೀ ಭಾರತಕ್ಕೆ ಸಿಗುತ್ತಿದ್ದದ್ದು ವರ್ಷಕ್ಕೆ 100 ಜನರ ಜಾಗ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ಕಾನೂನನ್ನು ಸೆನೆಟ್‌ನಲ್ಲಿ ಮುಂದೆ ನಿಂತು ನಡೆಸಿದವರು ಇದೇ ಮ್ಯಾಸಚೂಸೆಟ್ಸ್ ಸೆನೆಟರ್ ಎಡ್ವರ್ಡ್ ಕೆನಡಿ. ಅವರ ಮುತ್ತಜ್ಜನೂ ಬರಗಾಲದ ಕಾಲದಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್‌ನಿಂದ ಹಡಗು ಹತ್ತಿದವರೇ.

ಭಾನುವಾರ ಕ್ವಿನ್ಸಿಗೆ, ನಮ್ಮ ಮನೆಗೆ ಬಾ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಇದೆ. ನಿಮ್ಮಜ್ಜನೂ ಬೊಂಬಾಯಿಗೆ ಹೋದವರಲ್ವಾ? ಬರುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ಪೂರ್ತಿ ಕೇಳಿಕೊಂಡು ಬಾ.